ಶುಭಸಂದೇಶಕ್ಕನುಸಾರವಾದ ಸಾವು: ಸಂತ ಪೊಲಿಕಾರ್ಪರ ಕುರಿತ ಸ್ಮುರ್ನದ ಪತ್ರದ ಮರುವಿಮರ್ಶೆ

ಪ್ರತಿವರ್ಷ ಫೆಬ್ರವರಿ 23ರಂದು, 1969ರ ಪಂಚಾಂಗ ಸುಧಾರಣೆಗೆ ಮುಂಚೆ ಜನವರಿ 26ರಂದು, ಧರ್ಮಸಭೆಯು ಸ್ಮುರ್ನದ ಧರ್ಮಾಧ್ಯಕ್ಷರಾಗಿದ್ದ ಸಂತ ಪೊಲಿಕಾರ್ಪರನ್ನು ಸ್ಮರಿಸುತ್ತ ಬಂದಿದೆ. ಆ ದಿನದ ನಮ್ಮ ಪ್ರಬೋಧನೆಗಳಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳು ಉಳಿದುಕೊಂಡಿವೆ: 86 ವರ್ಷಗಳ ಸೇವೆಯನ್ನು ನೆನಪಿಸಿ ವೃದ್ಧರು ಪ್ರಾಂತ್ಯಾಧಿಪತಿಗೆ ಕೊಟ್ಟ ಉತ್ತರ, ಹಾಯಿಪಟದಂತೆ ಉಬ್ಬಿ ಅವರ ದೇಹವನ್ನು ಸುತ್ತುವರಿದ ಬೆಂಕಿ, ಇರಿತದ ಗಾಯದಿಂದ ಹೊರಬಂದ ಪಾರಿವಾಳ. ಇವು ಕೇಳುಗರ ಮನಸ್ಸಿನಲ್ಲಿ ಸುಲಭವಾಗಿ ನಿಲ್ಲುವಂಥವು. ಆದರೆ ಈ ಮರಣವನ್ನು ನಮಗೆ ತಲುಪಿಸಿದ ಮೂಲಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದವರಿಗೆ, ಪ್ರಬೋಧನೆಯಿಂದ ಜಾರಿಹೋದ ಭಾಗಗಳೇ ಪತ್ರದ ಆಧಾರಸ್ತಂಭಗಳೆಂದು ತೋರುತ್ತದೆ. ಆ ಸ್ತಂಭಗಳ ಬುಡದಲ್ಲಿ ನಾವು ಮೌನವಾಗಿ ದಾಟಿಹೋಗಬಾರದ ಬಿರುಕೊಂದಿರುವುದೂ ಕಾಣುತ್ತದೆ. ಈ ಲೇಖನ ಆ ಎರಡನ್ನೂ ಕುರಿತದ್ದು.

ಪತ್ರವನ್ನು ಬರೆದದ್ದು ಸ್ಮುರ್ನದ ಸಭೆ. ಬರೆದದ್ದು ಫ್ರುಗ್ಯ ಸೀಮೆಯ ಫಿಲೊಮೇಲಿಯದ ಸಭೆಗೆ. ಅಪೊಸ್ತಲರ ಕಾರ್ಯಕಲಾಪಗಳಲ್ಲಿ ಬರುವ ಸ್ತೇಫನನ ಮರಣದ ವೃತ್ತಾಂತವನ್ನು ಬಿಟ್ಟರೆ, ಕ್ರೈಸ್ತ ರಕ್ತಸಾಕ್ಷಿಯೊಬ್ಬರ ಸಾವನ್ನೇ ವಿಷಯವಾಗಿಟ್ಟುಕೊಂಡು ನಮಗೆ ಉಳಿದುಬಂದಿರುವ ಅತ್ಯಂತ ಹಳೆಯ ಬರಹವೆಂದು ಇದನ್ನು ಬಹುಕಾಲದಿಂದ ಪರಿಗಣಿಸಲಾಗಿದೆ. ಕಾಲನಿರ್ಣಯದ ಜಗಳದಲ್ಲಿ ಇಲ್ಲಿ ಬಹಳ ಹೊತ್ತು ನಿಲ್ಲಬೇಕಾಗಿಲ್ಲ. ಪತ್ರದ ಕೊನೆಯಲ್ಲಿ ಹೆಸರಿಸಲಾದ ಪ್ರಾಂತ್ಯಾಧಿಪತಿ ಸ್ತಾತಿಯುಸ್ ಕ್ವಾದ್ರಾತುಸನ ಅಧಿಕಾರಾವಧಿಯನ್ನು ಆಧರಿಸಿದವರು 155 ಅಥವಾ 156 ಎನ್ನುತ್ತಾರೆ. ಯೂಸೇಬಿಯನು ಮಾರ್ಕಸ್ ಔರೇಲಿಯಸನ ಆಳ್ವಿಕೆಗೆ ಇದನ್ನು ಸೇರಿಸುತ್ತಾನೆ. ಪತ್ರದ ಈಗಿನ ರೂಪ ಮೂರನೆಯ ಶತಮಾನದ್ದೆಂದು ಕ್ಯಾಂಡಿಡಾ ಮಾಸ್ ಅವರು 2010ರಲ್ಲಿ ವಾದಿಸಿದರು. ನಮ್ಮ ವಾದಕ್ಕೆ ಈ ಮೂರರಲ್ಲಿ ಯಾವುದಿದ್ದರೂ ಬಾಧಕವಿಲ್ಲ.

ಪೊಲಿಕಾರ್ಪರ ಬದುಕಿನ ಬಗ್ಗೆ ಇರುವ ಸಾಕ್ಷ್ಯಗಳು ಸ್ವಲ್ಪವೇ ಆದರೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ರೋಮಿಗೆ ಕೈದಿಯಾಗಿ ಹೋಗುತ್ತಿದ್ದ ಅಂತಿಯೋಕ್ಯದ ಸಂತ ಇಗ್ನಾತಿಯರು ಅವರಿಗೆ ಪತ್ರ ಬರೆದರು. ಫಿಲಿಪ್ಪಿಯ ಸಭೆಗೆ ಅವರೇ ಬರೆದ ಪತ್ರವೊಂದು ಉಳಿದಿದೆ. ಅದರಲ್ಲಿ ಹೊಸ ಚಿಂತನೆ ಕಡಿಮೆ, ಅಪೊಸ್ತಲರ ಮಾತಿನ ಎರಕ ಹೆಚ್ಚು. ಪಾಸ್ಕ ಹಬ್ಬದ ದಿನದ ಬಗ್ಗೆ ವಿಶ್ವಗುರು ಅನಿಸೇತರೊಡನೆ ಮಾತನಾಡಲು ಅವರು ರೋಮಿಗೆ ಹೋದರು. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಾರದೆ ಹೋದರು, ಆದರೂ ಅನ್ಯೋನ್ಯತೆಯನ್ನು ಮುರಿಯದೆ ಬೀಳ್ಕೊಂಡರು. ಬಾಲ್ಯದಲ್ಲಿ ಅವರ ಉಪದೇಶ ಕೇಳಿದ್ದ ಇರೇನೇಯರು, ಅವರು ಕೂರುತ್ತಿದ್ದ ಜಾಗವನ್ನೂ ಯೊವಾನ್ನರನ್ನು ಕುರಿತು ಅವರು ಹೇಳುತ್ತಿದ್ದ ಮಾತುಗಳನ್ನೂ ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಪಡೆದದ್ದನ್ನು ಕಾಪಾಡಿ ದಾಟಿಸಿದ ಮನುಷ್ಯ ಅವರು. ಇಂಥವರ ಸಾವನ್ನು ಸಾಹಸಗಾಥೆಯಾಗಿ ಹೇಳುವುದು ಅವರ ಸ್ವಭಾವಕ್ಕೇ ಒಗ್ಗುವುದಿಲ್ಲ. ಸ್ಮುರ್ನದ ಸಭೆ ಅದನ್ನು ಬಲ್ಲದು.

ಬಲ್ಲದೆನ್ನುವುದಕ್ಕೆ ಪತ್ರದ ನಾಲ್ಕನೆಯ ಅಧ್ಯಾಯವೇ ಸಾಕ್ಷಿ. ಅದು ಇಡೀ ಪತ್ರದಲ್ಲಿ ಅತಿ ಚಿಕ್ಕ ಅಧ್ಯಾಯಗಳಲ್ಲೊಂದು. ಫ್ರುಗ್ಯದಿಂದ ಹೊಸದಾಗಿ ಬಂದಿದ್ದ ಕ್ವಿಂತುಸ್ ಎಂಬವನು ತಾನಾಗಿಯೇ ಅಧಿಕಾರಿಗಳ ಮುಂದೆ ಹೋಗಿ ನಿಂತನು. ಇನ್ನು ಕೆಲವರನ್ನೂ ಹಾಗೆ ಮಾಡುವಂತೆ ಪ್ರಚೋದಿಸಿದನು. ಮೃಗಗಳನ್ನು ಕಣ್ಣಾರೆ ಕಂಡಾಗ ಅವನ ಎದೆ ನಡುಗಿತು. ಪ್ರಾಂತ್ಯಾಧಿಪತಿಯು ಬಹಳವಾಗಿ ಪುಸಲಾಯಿಸಿ ಅವನಿಂದ ಆಣೆ ಮಾಡಿಸಿ ಬಲಿ ಅರ್ಪಿಸುವಂತೆ ಮಾಡಿದನು. ಆದಕಾರಣ ತಮ್ಮನ್ನು ತಾವೇ ಒಪ್ಪಿಸಿಕೊಳ್ಳುವವರನ್ನು ತಾವು ಹೊಗಳುವುದಿಲ್ಲ, ಶುಭಸಂದೇಶವು ಹಾಗೆ ಕಲಿಸಿಲ್ಲ ಎಂದು ಪತ್ರ ಹೇಳುತ್ತದೆ. ಫಿಲೊಮೇಲಿಯವೂ ಫ್ರುಗ್ಯದಲ್ಲೇ ಇರುವುದನ್ನು ನೆನಪಿಟ್ಟರೆ, ಆ ಸೀಮೆಯವರಿಗೆ ಆ ಸೀಮೆಯವನದೇ ಸೋಲನ್ನು ಬರೆದು ಕಳುಹಿಸಿದ್ದು ಎಷ್ಟು ನೇರವಾದ ಮಾತೆಂದು ತಿಳಿಯುತ್ತದೆ.

ಅದಕ್ಕೆ ತುಸು ಮೊದಲು ಇದೇ ಪತ್ರ ಜೆರ್ಮಾನಿಕುಸ್ ಎಂಬ ಯುವಕನನ್ನು ಮೆಚ್ಚುತ್ತದೆ. ಅವನು ತಡಮಾಡದೆ ಲೋಕವನ್ನು ಬಿಟ್ಟುಹೋಗಬೇಕೆಂದು ಮೃಗವನ್ನು ತನ್ನ ಮೇಲೆ ಎಳೆದುಕೊಂಡನಂತೆ. ಇಲ್ಲಿ ಪತ್ರದ ಅಳತೆಗೋಲು ಅಲುಗಾಡುತ್ತದೆಯೆಂದು ಆಕ್ಷೇಪಿಸುವವರಿಗೆ ಪೂರ್ತಿ ಸಮಾಧಾನ ಹೇಳುವುದು ಕಷ್ಟ. ಆದರೆ ಜೆರ್ಮಾನಿಕುಸನು ಆಗಲೇ ತೀರ್ಪಿಗೊಳಗಾಗಿ ಕಣದಲ್ಲಿದ್ದವನು. ಕ್ವಿಂತುಸನು ಯಾರೂ ಕರೆಯದಿದ್ದಾಗ ಬಂದವನು. ಮೊದಲ ಹೆಜ್ಜೆ ಯಾರದೆಂಬುದೇ ಪತ್ರಕ್ಕೆ ಮುಖ್ಯ. ಮುಂದೆ ಅಲೆಕ್ಸಾಂದ್ರಿಯದ ಕ್ಲೆಮೆಂತನೂ ಮರಣದ ಬಾಗಿಲಿಗೆ ತಾವಾಗಿ ನುಗ್ಗುವವರನ್ನು ರಕ್ತಸಾಕ್ಷಿಗಳೆಂದು ಎಣಿಸಲು ಒಪ್ಪಲಿಲ್ಲ.

ಈ ಅಧ್ಯಾಯವಾದ ಕೂಡಲೇ ಪೊಲಿಕಾರ್ಪರ ಪ್ರವೇಶವಾಗುತ್ತದೆ. ಆ ಪ್ರವೇಶ ಆಗುವುದು ಹಿಂಜರಿತದ ಮೂಲಕ. ಮೊದಲು ಅವರಿಗೆ ನಗರದಲ್ಲೇ ಇರುವ ಮನಸ್ಸಿತ್ತು. ಬಹುಮಂದಿ ಒತ್ತಾಯಪಡಿಸಿದ್ದರಿಂದ ಊರಿಗೆ ದೂರವಲ್ಲದ ತೋಟದ ಮನೆಯೊಂದಕ್ಕೆ ಹೋದರು. ಹಗಲಿರುಳು ಲೋಕದ ಎಲ್ಲ ಸಭೆಗಳಿಗಾಗಿ ಪ್ರಾರ್ಥಿಸಿದರು. ಹುಡುಕುವವರು ಹತ್ತಿರವಾದಾಗ ಇನ್ನೊಂದು ತೋಟಕ್ಕೆ ಬದಲಾಯಿಸಿದರು. ತಲೆದಿಂಬು ಹೊತ್ತಿ ಉರಿಯುವಂತೆ ದರ್ಶನ ಕಂಡು, ತಾವು ಜೀವಂತ ಸುಡಲ್ಪಡುವೆವೆಂದು ಅರಿತ ಮೇಲೂ ಅವರು ಓಡಿಹೋಗಿ ಬೆಂಕಿಯನ್ನು ಹುಡುಕಲಿಲ್ಲ. ಶುಕ್ರವಾರ ಊಟದ ಹೊತ್ತಿಗೆ ಕುದುರೆ ಸವಾರರು ಬಂದಾಗ ಮಾತ್ರ, ಅಲ್ಲಿಂದಲೂ ತಪ್ಪಿಸಿಕೊಳ್ಳಲು ಸಾಧ್ಯವಿದ್ದರೂ, ದೇವರ ಚಿತ್ತ ನೆರವೇರಲೆಂದು ಮಹಡಿಯಿಂದ ಕೆಳಗಿಳಿದರು. ಹಿಡಿಯಲು ಬಂದವರಿಗೆ ಊಟ ಬಡಿಸುವಂತೆ ಹೇಳಿ, ಪ್ರಾರ್ಥನೆಗೆ ಒಂದು ಗಂಟೆ ಕೇಳಿ, ಎರಡು ಗಂಟೆ ನಿಂತೇ ಪ್ರಾರ್ಥಿಸಿದರು.

ಹೀಗಾಗಿ ಪತ್ರದ ಆರಂಭದಲ್ಲಿ ಬರುವ ಶುಭಸಂದೇಶಕ್ಕನುಸಾರವಾದ ಸಾಕ್ಷ್ಯ ಎಂಬ ಕಲ್ಪನೆಯನ್ನು ಕೇವಲ ಅಲಂಕಾರವೆಂದು ಓದುವುದು ಸಲ್ಲ. ಅದೊಂದು ಮಾನದಂಡ. ಪ್ರಭುವಿನಂತೆ ಪೊಲಿಕಾರ್ಪರೂ ತಮ್ಮನ್ನು ಹಿಡಿದುಕೊಡುವ ತನಕ ಕಾದರೆಂದು ಪತ್ರ ಹೇಳುತ್ತದೆ. ಕೂಡಲೇ ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದತ್ತ ತಿರುಗಿ, ತನ್ನ ಹಿತವನ್ನಷ್ಟೇ ಅಲ್ಲದೆ ನೆರೆಯವರ ಹಿತವನ್ನೂ ನೋಡುವುದು ಪ್ರೀತಿಯ ಲಕ್ಷಣವೆಂಬ ಬೋಧನೆಯನ್ನು ಇದಕ್ಕೆ ಜೋಡಿಸುತ್ತದೆ. ಈ ಜೋಡಣೆಯನ್ನು ವ್ಯಾಖ್ಯಾನಕಾರರು ಸಾಕಷ್ಟು ಗಮನಿಸಿಲ್ಲವೆಂಬುದು ನಮ್ಮ ಭಾವನೆ. ತಾನೊಬ್ಬನೇ ಕಿರೀಟ ಪಡೆಯುವ ಆತುರ, ಎಷ್ಟೇ ಭಕ್ತಿಯಿಂದ ಹುಟ್ಟಿದ್ದರೂ, ತನ್ನ ಹಿತವನ್ನೇ ನೋಡುವ ಒಂದು ಬಗೆ. ಕ್ವಿಂತುಸನು ತನ್ನೊಡನೆ ಇತರರನ್ನೂ ಅಪಾಯಕ್ಕೆ ಎಳೆದನು. ಪೊಲಿಕಾರ್ಪರ ಹಿಂದೆಗೆತ ಹೇಡಿತನವಲ್ಲ, ಸಭೆಯ ಮಾತಿಗೆ ಕೊಟ್ಟ ಮನ್ನಣೆ.

ಇದೆಲ್ಲ ತರುವಾಯದ ಕೈಯವರ ಕೆಲಸವೆಂಬ ವಾದವೊಂದಿದೆ. ಹಾನ್ಸ್ ಫಾನ್ ಕಾಂಪೆನ್‌ಹೌಸೆನ್ 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಲಪತ್ರ ಸರಳವಾಗಿತ್ತು, ಯೇಸುವಿನ ಪಾಡುಗಳೊಡನೆ ಹೋಲಿಕೆಗಳನ್ನು ಒಬ್ಬ ಸಂಪಾದಕ ಆಮೇಲೆ ಸೇರಿಸಿದನು, ಕ್ವಿಂತುಸನ ಪ್ರಸಂಗವೂ ಮೊಂತಾನುಸನ ಅನುಯಾಯಿಗಳನ್ನು ಖಂಡಿಸಲು ಬಂದ ಪ್ರಕ್ಷೇಪ ಎಂದರು. ಯೂಸೇಬಿಯನ ಇತಿಹಾಸದಲ್ಲಿ ಹಲವು ಹೋಲಿಕೆಗಳು ಇಲ್ಲದಿರುವುದು ಅವರ ಮುಖ್ಯ ಆಧಾರ. ಆದರೆ ಯೂಸೇಬಿಯನು ಪತ್ರದ ಮೊದಲ ಭಾಗವನ್ನು ಅಕ್ಷರಶಃ ಕೊಡದೆ ತನ್ನ ಮಾತಿನಲ್ಲಿ ಸಂಗ್ರಹಿಸಿದ್ದಾನೆ. ಸಂಗ್ರಹದಲ್ಲಿಲ್ಲದ್ದು ಮೂಲದಲ್ಲೂ ಇರಲಿಲ್ಲವೆಂದು ಹೇಳಲಾಗದು. ಕ್ವಿಂತುಸನಾದರೋ ಯೂಸೇಬಿಯನ ಸಂಗ್ರಹದಲ್ಲೂ ಇದ್ದಾನೆ. ಇನ್ನೂ ಒಂದು ಮಾತು: ಎಲ್ಲವನ್ನೂ ಪಾಡುಗಳ ಅಚ್ಚಿಗೆ ಎರೆಯಲು ಹೊರಟ ಸಂಪಾದಕನಿದ್ದಿದ್ದರೆ, ಅಚ್ಚಿಗೆ ಹೊಂದದ ಇಷ್ಟೊಂದು ವಿವರಗಳನ್ನು ಅವನು ಉಳಿಸುತ್ತಿದ್ದನೇ? ಸಾರೋಟಿನಿಂದ ತಳ್ಳಲ್ಪಟ್ಟು ವೃದ್ಧರ ಮೊಣಕಾಲ ಕೆಳಗೆ ತರಚಿದ ಗಾಯ; ಚಿತೆಯ ಬಳಿ ಪಾದರಕ್ಷೆ ಬಿಚ್ಚಿಕೊಳ್ಳಲು ಯತ್ನಿಸಿದ್ದು, ಭಕ್ತರು ಸದಾ ತಾಮುಂದು ನಾಮುಂದು ಎಂದು ಆ ಸೇವೆ ಮಾಡುತ್ತಿದ್ದುದರಿಂದ ಅದು ಅವರಿಗೆ ಅಭ್ಯಾಸವಿಲ್ಲದ ಕೆಲಸವಾಗಿತ್ತೆಂಬ ಮಾತು; ಸಿಂಹವನ್ನು ಬಿಡೆಂದು ಜನರು ಕೂಗಿದಾಗ, ಮೃಗಗಳ ಆಟ ಮುಗಿದುಹೋಗಿದೆಯೆಂದು ಉತ್ಸವಗಳ ಮುಖ್ಯಸ್ಥ ಫಿಲಿಪ್ಪನು ಕೊಟ್ಟ ಕಚೇರಿಯ ಉತ್ತರ. ಶುಭಸಂದೇಶದಲ್ಲಿ ಇವಕ್ಕೆ ಜೋಡಿಯಿಲ್ಲ. ಕಂಡದ್ದನ್ನು ಮರೆಯಲಾಗದವರು ಬರೆದಿಟ್ಟ ವಿವರಗಳಂತೆಯೇ ಇವು ಕಾಣುತ್ತವೆ.

ಇಲ್ಲಿಯವರೆಗೆ ಪತ್ರದ ಪರವಾಗಿ ಹೇಳಿದೆವು. ಈಗ ಬಿರುಕಿನ ವಿಷಯ.

ಪೊಲಿಕಾರ್ಪರ ಅಡಗುತಾಣ ಬಯಲಾದದ್ದು ಹೇಗೆ? ಮೊದಲ ತೋಟದಲ್ಲಿ ಅವರು ಸಿಗದಿದ್ದಾಗ ಅಧಿಕಾರಿಗಳು ಇಬ್ಬರು ದಾಸಹುಡುಗರನ್ನು ಹಿಡಿದರು. ಒಬ್ಬನು ಚಿತ್ರಹಿಂಸೆಯಲ್ಲಿ ಬಾಯಿಬಿಟ್ಟನು. ಅವನನ್ನೇ ಮುಂದಿಟ್ಟುಕೊಂಡು ಸವಾರರು ಎರಡನೆಯ ತೋಟಕ್ಕೆ ಬಂದರು. ಪತ್ರ ಇದನ್ನು ಹೇಳುವ ರೀತಿ ಬೆಚ್ಚಿಬೀಳಿಸುತ್ತದೆ: ಪೊಲಿಕಾರ್ಪರನ್ನು ಹಿಡಿದುಕೊಟ್ಟವರು ಅವರ ಮನೆಯವರೇ ಆಗಿದ್ದರು, ಶಾಂತಿಪಾಲನಾಧಿಕಾರಿಯ ಹೆಸರು ಹೆರೋದ, ಪೊಲಿಕಾರ್ಪರು ಕ್ರಿಸ್ತನ ಪಾಲುಗಾರರಾಗಬೇಕಿತ್ತು, ಹಿಡಿದುಕೊಟ್ಟವರಿಗೆ ಯೂದನಿಗಾದ ದಂಡನೆಯೇ ಆಗಬೇಕಿತ್ತು. ಅಚ್ಚು ಇಲ್ಲಿ ಪೂರ್ತಿಯಾಯಿತು. ಹೆರೋದನಿದ್ದಾನೆ, ಶುಕ್ರವಾರವಿದೆ, ಕತ್ತೆಯ ಮೇಲಿನ ಪಯಣವಿದೆ. ಖಾಲಿ ಉಳಿದಿದ್ದ ಯೂದನ ಜಾಗಕ್ಕೆ ಹಿಂಸೆಗೊಳಗಾದ ಒಬ್ಬ ದಾಸಹುಡುಗನನ್ನು ತಂದು ಕೂರಿಸಿದ್ದಾಯಿತು.

ರೋಮನ್ ನ್ಯಾಯಪದ್ಧತಿಯಲ್ಲಿ ದಾಸರ ಸಾಕ್ಷ್ಯವನ್ನು ಹಿಂಸೆಯ ಮೂಲಕ ಪಡೆಯುವುದು ರೂಢಿಯಾಗಿತ್ತು. ಸುಮಾರು 112ರಲ್ಲಿ ಬಿತೂನ್ಯದ ಪ್ಲೀನಿಯು ಚಕ್ರವರ್ತಿ ತ್ರಾಜಾನನಿಗೆ ಬರೆದ ಪತ್ರದಲ್ಲಿ, ಕ್ರೈಸ್ತರ ನಿಜಸಂಗತಿ ತಿಳಿಯಲು ಸಭೆಯ ಸೇವಕಿಯರೆನಿಸಿದ್ದ ಇಬ್ಬರು ದಾಸಿಯರನ್ನು ಹಿಂಸೆಗೊಳಪಡಿಸಿದ್ದನ್ನು ಯಾವ ಸಂಕೋಚವೂ ಇಲ್ಲದೆ ವರದಿ ಮಾಡುತ್ತಾನೆ. ಸ್ಮುರ್ನದ ಹುಡುಗನಿಗೆ ಮೂವತ್ತು ಬೆಳ್ಳಿ ನಾಣ್ಯ ಕೊಟ್ಟವರಿಲ್ಲ. ಅವನು ಯಾರ ಬಳಿಗೂ ಬೇರಂಪಡಿಸಲು ಹೋದವನಲ್ಲ. ಪತ್ರದ ಮಾನದಂಡದಿಂದಲೇ ಅಳೆದರೆ, ಮೊದಲ ಹೆಜ್ಜೆ ಅವನದಲ್ಲ. ಯೂದನ ಹೋಲಿಕೆಗೆ ಅವನು ಎಲ್ಲ ರೀತಿಯಿಂದಲೂ ಅನರ್ಹ. ಪಾಡುಗಳ ಕಥನದಲ್ಲಿ ಬೇರೊಂದು ಸ್ಥಾನವೂ ಇತ್ತಲ್ಲವೇ? ಯಾರೂ ಕೈ ಮುಟ್ಟದಿದ್ದರೂ ಮಹಾಯಾಜಕನ ಅಂಗಳದಲ್ಲಿ ದಾಸಿಯೊಬ್ಬಳ ಪ್ರಶ್ನೆಗೇ ಮೂರು ಸಲ ಅಲ್ಲಗಳೆದ ಪೇತ್ರನಿಗೆ ಪ್ರಭು ಮರಳಿ ಕುರಿಮಂದೆಯನ್ನು ಒಪ್ಪಿಸಿದರು. ಸ್ಮುರ್ನದ ಲೇಖಕರು ಶುಭಸಂದೇಶಕ್ಕನುಸಾರವಾಗಿ ಬರೆಯಲು ಹೊರಟವರು. ಆ ಹುಡುಗನಿಗೆ ಪೇತ್ರನ ಜಾಗವನ್ನು ಕೊಡುವುದು ಅವರಿಗೆ ಹೊಳೆಯಲಿಲ್ಲ. ಕ್ವಿಂತುಸನ ಸೋಲನ್ನು ಹೇಳುವಾಗಲಾದರೂ ಅವರ ಮಾತಿನಲ್ಲಿ ಒಂದು ಬಗೆಯ ಸಂಯಮವಿದೆ. ದಾಸನಿಗೆ ಅದೂ ದಕ್ಕಲಿಲ್ಲ.

ಎರಡನೆಯ ಬಿರುಕು ಇನ್ನೂ ಆಳವಾದದ್ದು, ಅದರ ಇತಿಹಾಸವೂ ಇನ್ನೂ ಕಹಿಯಾದದ್ದು. ಚಿತೆಗೆ ಕಟ್ಟಿಗೆ ಕೂಡಿಸುವಾಗ ಯೆಹೂದ್ಯರು ತಮ್ಮ ವಾಡಿಕೆಯಂತೆ ವಿಶೇಷ ಉತ್ಸಾಹದಿಂದ ನೆರವಾದರೆಂದು ಪತ್ರ ಹೇಳುತ್ತದೆ. ದೇಹವನ್ನು ಕ್ರೈಸ್ತರಿಗೆ ಕೊಡದಂತೆ ಒತ್ತಾಯ ಮಾಡಿಸಿದವರೂ ಅವರೇ ಎನ್ನುತ್ತದೆ. ಅದೇ ಪತ್ರ ಆ ದಿನವನ್ನು ಮಹಾಸಬ್ಬತ್ ದಿನವೆಂದು ಕರೆಯುತ್ತದೆ. ಸಬ್ಬತ್ತಿನಂದು ಕಟ್ಟಿಗೆ ಆರಿಸಿದವನಿಗೆ ಸಂಖ್ಯಾಕಾಂಡದ ಹದಿನೈದನೆಯ ಅಧ್ಯಾಯದಲ್ಲಿ ಏನಾಯಿತೆಂಬುದನ್ನು ಗುರುಮಠದ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲ. ಸ್ಮುರ್ನದಲ್ಲಿ ಯೆಹೂದ್ಯರು ಇದ್ದರು, ಅವರಿಗೂ ಕ್ರೈಸ್ತರಿಗೂ ಮನಸ್ತಾಪವಿತ್ತು. ಪ್ರಕಟಣಾ ಗ್ರಂಥದಲ್ಲಿ ಆ ಸಭೆಗೆ ಬರೆದ ಮಾತುಗಳೇ ಇದನ್ನು ತಿಳಿಸುತ್ತವೆ. ಗುಂಪಿನಲ್ಲಿ ಕೆಲವರು ಇದ್ದಿರಲೂಬಹುದು. ಆದರೆ ಸಂಪ್ರದಾಯನಿಷ್ಠ ಜನಾಂಗವೊಂದು ಮಹಾಸಬ್ಬತ್ತಿನಂದು ಬಜಾರಿನ ಮಳಿಗೆಗಳಿಂದಲೂ ಸ್ನಾನಗೃಹಗಳಿಂದಲೂ ಸೌದೆ ಹೊತ್ತು ತಂದಿತೆಂಬ ಚಿತ್ರ ಕಣ್ಣಿಗೆ ಕಂಡದ್ದಕ್ಕಿಂತ ಅಚ್ಚಿನಿಂದಲೇ ಮೂಡಿದ್ದು. ಯೊವಾನ್ನರ ಪಾಡುಕಥನದಲ್ಲಿ ಆ ಸಬ್ಬತ್ ದೊಡ್ಡ ದಿನವೆನಿಸಿತ್ತು. ಅಲ್ಲಿ ಯೆಹೂದ್ಯರು ಪಿಲಾತನ ಬಳಿ ಹೋಗಿದ್ದರು. ಆದ್ದರಿಂದ ಇಲ್ಲಿಯೂ ಅವರು ಬರಬೇಕಾಯಿತು. ಇಡೀ ಪತ್ರದಲ್ಲಿ ತೀರ್ಪು ಕೊಟ್ಟದ್ದು ರೋಮನ್ ಅಧಿಕಾರಿ, ಬೆಂಕಿ ಹಚ್ಚಿದ್ದು ರೋಮನ್ ಆಜ್ಞೆ, ದೇಹವನ್ನು ಸುಟ್ಟದ್ದು ರೋಮನ್ ಶತಾಧಿಪತಿ.

ಯೇಸುವಿನ ಪಾಡುಗಳಿಗಾಗಿ ಅಂದಿನ ಎಲ್ಲ ಯೆಹೂದ್ಯರ ಮೇಲೂ, ಇಂದಿನವರ ಮೇಲೂ ಹೊಣೆ ಹೊರಿಸಲಾಗದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ 'ನೋಸ್ತ್ರಾ ಏತಾತೆ' ಘೋಷಣೆಯಲ್ಲಿ ಬೋಧಿಸಿತು. ಪಾಡುಗಳ ವಿಷಯದಲ್ಲಿ ಸಲ್ಲದ ಆರೋಪ, ಪಾಡುಗಳ ಅಚ್ಚಿನಲ್ಲಿ ಎರೆದ ರಕ್ತಸಾಕ್ಷಿಯ ಕಥೆಯಲ್ಲಿ ಸಲ್ಲುವುದು ಹೇಗೆ? ಈ ಪತ್ರವನ್ನು ಪ್ರಬೋಧನೆಯಲ್ಲಿ ಬಳಸುವ ಗುರುಗಳು ಆ ವಾಕ್ಯಗಳನ್ನು ಬಿಟ್ಟು ಮುಂದೆ ಹೋಗುವುದುಂಟು. ಸಭಾಮಂದಿರದಲ್ಲಿ ಅದು ವಿವೇಕವೇ ಇರಬಹುದು. ತರಗತಿಯಲ್ಲಿ ಅದು ಸಾಲದು.

ನಮಗೆ ಮುಖ್ಯವೆನಿಸುವುದು ಇದು: ಪತ್ರದ ವಿವೇಕವೂ ಪತ್ರದ ಅನ್ಯಾಯವೂ ಒಂದೇ ಬೇರಿನಿಂದ ಹುಟ್ಟಿವೆ. ಪ್ರಭುವಿನ ಪಾಡುಗಳ ಬೆಳಕಿನಲ್ಲಿ ಪೊಲಿಕಾರ್ಪರನ್ನು ನೋಡಿದ್ದರಿಂದಲೇ ಸಾವನ್ನು ಹುಡುಕಿಕೊಂಡು ಹೋಗುವುದನ್ನು ಲೇಖಕರು ಖಂಡಿಸಬಲ್ಲವರಾದರು. ಅದೇ ನೋಟವನ್ನು ಸುತ್ತಲಿನವರ ಮೇಲೆ ತಿರುಗಿಸಿದಾಗ, ಉಳಿದ ಪಾತ್ರಗಳಿಗೂ ವೇಷ ಹಂಚಬೇಕಾಯಿತು. ಅವರವರ ಮುಖ ಮರೆಯಾಯಿತು. ಕ್ರಿಸ್ತನ ಮಾದರಿಯು ನಾವು ಧರಿಸಬೇಕಾದದ್ದು, ಇತರರಿಗೆ ತೊಡಿಸಬೇಕಾದದ್ದಲ್ಲವೆಂಬ ಭೇದವನ್ನು ಪತ್ರ ಅರ್ಧ ದಾರಿಯವರೆಗೆ ಮಾತ್ರ ಕಂಡಿತು.

ಇನ್ನು ಪಾರಿವಾಳ. ನಮ್ಮ ಗ್ರೀಕ್ ಹಸ್ತಪ್ರತಿಗಳಲ್ಲಿ ಅದಿದೆ, ಅದೇ ಪ್ರಸಂಗವನ್ನು ಉದ್ಧರಿಸುವ ಯೂಸೇಬಿಯನಲ್ಲಿ ಇಲ್ಲ. ಅವನ ಮುಂದಿದ್ದ ಪ್ರತಿಯಲ್ಲಿ ಅದು ಇದ್ದಿದ್ದರೆ ಅವನಂಥ ಭಕ್ತ ಇತಿಹಾಸಕಾರ ಅದನ್ನು ಕೈಬಿಡುವ ಕಾರಣ ಕಾಣದು. ಹಸ್ತಪ್ರತಿಗಳ ಕೊನೆಯಲ್ಲಿ, ಕಾಲದಿಂದ ಜೀರ್ಣವಾಗಿದ್ದ ಪ್ರತಿಯನ್ನು ಪೊಲಿಕಾರ್ಪರ ದರ್ಶನದ ನೆರವಿನಿಂದ ಹುಡುಕಿ ನಕಲು ಮಾಡಿದೆನೆಂದು ಹೇಳುವ ಪಿಯೋನಿಯುಸನ ಕೈ ಇಲ್ಲಿದೆಯೆಂದು ಲೈಟ್‌ಫುಟ್ ಊಹಿಸಿದ್ದರು. 165ರಲ್ಲಿ ಒಲಿಂಪಿಯದ ಬಳಿ ತಾನೇ ಚಿತೆಗೆ ಹಾರಿದ ಪೆರೆಗ್ರೀನುಸನ ಬಗ್ಗೆ ಬರೆಯುವಾಗ, ಬೆಂಕಿಯಿಂದ ರಣಹದ್ದೊಂದು ಮೇಲೆದ್ದಿತೆಂದು ತಾನೇ ಕಟ್ಟಿ ಹೇಳಿದ ಕಥೆಯನ್ನು ಜನ ನಂಬಿದರೆಂದು ಲೂಸಿಯನ್ ನಗುತ್ತಾನೆ. ಚಿತೆಯಿಂದ ಹಕ್ಕಿ ಹಾರುವುದು ಆ ಕಾಲದ ಕಿವಿಗಳಿಗೆ ಹೊಸದಲ್ಲ. ಪಾರಿವಾಳವನ್ನು ಕಳೆದುಕೊಂಡರೆ ಸಂತರಿಗೆ ಏನೂ ನಷ್ಟವಿಲ್ಲ.

ಬೆಂಕಿಯ ವರ್ಣನೆ ಬೇರೆ ಬಗೆಯದು. ದೇಹವು ಸುಡುವ ಮಾಂಸದಂತಲ್ಲ, ಒಲೆಯಲ್ಲಿ ಬೇಯುವ ರೊಟ್ಟಿಯಂತೆ, ಪುಟವಿಡುವ ಚಿನ್ನಬೆಳ್ಳಿಯಂತೆ ಕಂಡಿತೆಂದೂ ಸುಗಂಧ ಹರಡಿತೆಂದೂ ಪತ್ರ ಹೇಳುತ್ತದೆ. ಇದಕ್ಕೆ ಮುಂಚೆ ಪೊಲಿಕಾರ್ಪರ ಕೊನೆಯ ಪ್ರಾರ್ಥನೆಯಿದೆ. ಕ್ರಿಸ್ತನ ಪಾತ್ರೆಯಲ್ಲಿ ಪಾಲು ಪಡೆದದ್ದಕ್ಕಾಗಿ ಕೃತಜ್ಞತೆ, ಮೆಚ್ಚಿಗೆಯಾದ ಬಲಿಯಾಗಿ ಸ್ವೀಕೃತನಾಗಲೆಂಬ ಬೇಡಿಕೆ, ಪಿತ ಸುತ ಪವಿತ್ರಾತ್ಮರಿಗೆ ಸ್ತುತಿ. ಬಲಿಪೀಠದ ಮುಂದೆ ಹಲವು ದಶಕ ನಿಂತ ಧರ್ಮಾಧ್ಯಕ್ಷರ ಬಾಯಲ್ಲಿ ಬೇರೆ ಮಾತು ಬರುವುದು ಹೇಗೆ? ಆ ಪ್ರಾರ್ಥನೆಯ ರೂಪ ನಂತರದ ಆರಾಧನಾವಿಧಿಯನ್ನು ಹೋಲುತ್ತದೆಂದು ಸಂಶಯಪಡುವವರಿದ್ದಾರೆ. ನಮಗೆ ಆ ಸಂಶಯ ಅಷ್ಟು ಬಲವಾಗಿ ಕಾಣುವುದಿಲ್ಲ. ಪ್ರಾರ್ಥನೆ ಮುಗಿದ ಮೇಲೆ ರೊಟ್ಟಿಯ ಹೋಲಿಕೆ ಬರುವುದರಲ್ಲಿ ಪತ್ರದ ದೈವಶಾಸ್ತ್ರ ಅಡಗಿದೆ: ಈ ಸಾವು ಬಲಿಪೂಜೆಯ ಮುಂದುವರಿಕೆ. ಇಗ್ನಾತಿಯರು ರೋಮಿನವರಿಗೆ ಬರೆದ ಪತ್ರದಲ್ಲಿ ಮೃಗಗಳ ಹಲ್ಲುಗಳಲ್ಲಿ ಅರೆಯಲ್ಪಟ್ಟು ಕ್ರಿಸ್ತನ ರೊಟ್ಟಿಯಾಗಲು ತವಕಿಸಿದರು. ಪೊಲಿಕಾರ್ಪರ ವಿಷಯದಲ್ಲಿ ಆ ಹೋಲಿಕೆಯನ್ನು ಕಂಡವರು ಸುತ್ತ ನಿಂತ ಸಭೆಯವರು, ಸಂತರೇ ಅಲ್ಲ. ಆ ವ್ಯತ್ಯಾಸ ಚಿಕ್ಕದಲ್ಲ.

ಉಳಿದ ಎಲುಬುಗಳನ್ನು ರತ್ನಗಳಿಗಿಂತ ಮೇಲೆಂದು ಆರಿಸಿ ಯೋಗ್ಯವಾದ ಸ್ಥಳದಲ್ಲಿಟ್ಟದ್ದನ್ನೂ, ಆರಾಧನೆ ಕ್ರಿಸ್ತನಿಗೆ ಮಾತ್ರ, ರಕ್ತಸಾಕ್ಷಿಗಳಿಗೆ ಶಿಷ್ಯರೆಂಬ ಕಾರಣಕ್ಕೆ ಪ್ರೀತಿ ಎಂಬ ವಿಂಗಡಣೆಯನ್ನೂ ಇಲ್ಲಿ ವಿವರಿಸಬೇಕಾಗಿಲ್ಲ. ಪವಿತ್ರ ಅವಶೇಷಗಳ ಪಾಠದಲ್ಲಿ ವಿದ್ಯಾರ್ಥಿಗಳು ಅದನ್ನು ಓದಿಯೇ ಇರುತ್ತಾರೆ. ಫಿಲದೆಲ್ಫಿಯದಿಂದ ಬಂದವರನ್ನೂ ಸೇರಿಸಿ ಸ್ಮುರ್ನದಲ್ಲಿ ಸಾಕ್ಷ್ಯ ಕೊಟ್ಟವರಲ್ಲಿ ಪೊಲಿಕಾರ್ಪರು ಹನ್ನೆರಡನೆಯವರೆಂದು ಪತ್ರ ಎಣಿಸುತ್ತದೆ. ಜೆರ್ಮಾನಿಕುಸನೊಬ್ಬನ ಹೆಸರನ್ನು ಬಿಟ್ಟರೆ ಉಳಿದವರ ಹೆಸರುಗಳನ್ನು ಅದು ಹೇಳುವುದಿಲ್ಲ. ಹಿಂಸೆಗೊಳಗಾದ ಹುಡುಗನ ಹೆಸರನ್ನೂ ಹೇಳುವುದಿಲ್ಲ. ಆ ಶುಕ್ರವಾರ ಸವಾರರ ಮುಂದೆ ತೋಟದ ದಾರಿ ತೋರಿಸಿದ ಮೇಲೆ ಅವನು ಪತ್ರದಲ್ಲಿ ಮತ್ತೆ ಕಾಣಿಸಿಕೊಳ್ಳುವುದೇ ಇಲ್ಲ. ಫೆಬ್ರವರಿ 23ರ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆಯನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳು ಅವನಿಗೂ ಒಂದು ಬಿನ್ನಹವನ್ನು ಸೇರಿಸಲು ಅಡ್ಡಿಯೇನಿಲ್ಲ.